ಕಳ್ಳ ಕುಬುಸದ ದಿನ

ಕಸ್ತೂರಿ ಬಸುರಿ ಎಂಬುದು ನಾಗರತ್ನಾಳಿಗೆ ಯಾರೂ ಹೇಳದೆಯೇ ಗೊತ್ತಾಯಿತು. ಶಹಾಪುರದ ಆ ಮನೆಯ ಇಬ್ಬರು ಸೊಸೆಯರಿಗೂ ತಿಂಗಳಿಗೊಮ್ಮೆ ಬೇಕಾಗುವ ಪ್ಯಾಡಿನ ಪೊಟ್ಟಣಗಳನ್ನು ಮೆಡಿಕಲ್ ಅಂಗಡಿಯಿಂದ ತರುವವಳು ಹಿರಿಯ ಸೊಸೆಯಾದ ಅವಳೇ. ತಂದು ಬಚ್ಚಲ ಮೇಲಿನ ಗೂಡಿನಲ್ಲಿ ತನ್ನದೊಂದು ಕಡೆ, ನೆಗೆಣ್ಣಿಯದೊಂದು ಕಡೆ ಇಡುತ್ತಿದ್ದಳು. ನೆಗೆಣ್ಣಿಯ ಪೊಟ್ಟಣ ಒಡೆಯದೇ ಉಳಿಯಿತು. ಅದರ ಮೇಲೆ ತೆಳ್ಳಗೆ ಧೂಳು ಕೂತಿತು. ಸ್ನಾನಕ್ಕೆ ಹೋದಾಗಲೆಲ್ಲ ನಾಗರತ್ನಾ ಆ ಧೂಳನ್ನು ನೋಡುತ್ತಿದ್ದಳು. ಒರೆಸುತ್ತಿರಲಿಲ್ಲ.

ಆಮೇಲೆ ನೋಡುವುದೇ ಅವಳಿಗೊಂದು ಕೆಲಸವಾಯಿತು. ಮೈದುನ ಶರಣಕುಮಾರನ ಹೆಂಡತಿಯಾಗಿ ಹೋದ ವರ್ಷವಷ್ಟೇ ಕೆಂಭಾವಿಯಿಂದ ಬಂದ ಹುಡುಗಿ ಚಹಾದ ಲೋಟವನ್ನು ದೂರ ತಳ್ಳುವುದು, ಹುಳಿಹುಳಿ ಪುಂಡಿಪಲ್ಲೆಯ ಪಾತ್ರೆಯನ್ನು ಬೆರಳಿನಿಂದ ಬಳಿದು ನೆಕ್ಕುವುದು, ಕನ್ನಡಿಯ ಮುಂದೆ ಮಗ್ಗುಲಾಗಿ ನಿಂತು ಸೀರೆಯ ನೆರಿಗೆಯ ಮೇಲೆ ಅಂಗೈ ಇಡುವುದು, ಇದ್ಯಾವುದೂ ಅವಳ ಕಣ್ಣು ತಪ್ಪುತ್ತಿರಲಿಲ್ಲ. ನಾಗರತ್ನಾ ಅಡುಗೆಮನೆಗೆ ಕಾಲಿಟ್ಟರೆ ಅತ್ತೆ ಅನ್ನಮ್ಮನ ಮಾತು ನಿಲ್ಲುತ್ತಿತ್ತು. ಕಸ್ತೂರಿ ಗಡಿಬಿಡಿಯಿಂದ ಸೌಟು ಹುಡುಕುತ್ತಿದ್ದಳು. ಸೌಟು ಅವಳ ಕೈಯಲ್ಲೇ ಇರುತ್ತಿತ್ತು.

ನಾಗರತ್ನಾಳ ಹೊಟ್ಟೆಯಲ್ಲೂ ಒಂದು ಬೆಳೆಯುತ್ತಿತ್ತು. ಅದು ಕೂಸಲ್ಲ, ಎಡ ಅಂಡಾಶಯದ ಮೇಲೆ ಕೂತ ಗಂಟು. ಒಳಗೆ ಹಳೆಯ ರಕ್ತ ಮಡುಗಟ್ಟಿ ಕಂದುಬಣ್ಣಕ್ಕೆ ತಿರುಗಿರುತ್ತದೆ, ಅದಕ್ಕೇ ಇದನ್ನು ಚಾಕಲೇಟ್ ಸಿಸ್ಟ್ ಅನ್ನುತ್ತಾರೆ ಎಂದು ಕಲಬುರಗಿಯ ಡಾಕ್ಟರು ಹೇಳಿದ್ದರು. ಹೊರಗೆ ಬಂದ ಕೂಡಲೇ ಅನ್ನಮ್ಮ ದವಾಖಾನೆಯ ಮೆಟ್ಟಿಲ ಮೇಲೆಯೇ ಕೇಳಿದ್ದಳು: “ಅಷ್ಟು ಚಾಕಲೇಟ್ ಯಾವಾಗ ತಿಂದಿದಿ ಯವ್ವಾ? ನಾ ಒಮ್ಮಿನೂ ನೋಡ್ಲಿಲ್ಲಲ್ಲ.”

ಆ ಗಂಟಿನ ಜೊತೆ ಬಾಳುವುದನ್ನು ನಾಗರತ್ನಾ ಕಲಿತಿದ್ದಳು, ಸಿಡುಕಿನ ಮನುಷ್ಯರೊಡನೆ ಬಾಳುವುದನ್ನು ಕಲಿಯುವ ಹಾಗೆ. ಮುಟ್ಟು ಹತ್ತಿರವಾದಂತೆ ಕಿಬ್ಬೊಟ್ಟೆ ಕಲ್ಲು ಕಟ್ಟಿದಷ್ಟು ಭಾರವಾಗುತ್ತಿತ್ತು. ಅರ್ಧ ರೊಟ್ಟಿಗೇ ಹೊಟ್ಟೆ ತುಂಬಿ ಉಬ್ಬರಿಸುತ್ತಿತ್ತು. ಆಗಾಗ ಎದ್ದು ಬಚ್ಚಲಿಗೆ ಹೋಗಬೇಕಾಗುತ್ತಿತ್ತು. ಸೊಂಟದಿಂದ ತೊಡೆಯವರೆಗೆ ಏನೋ ಎಳೆಯುತ್ತಿತ್ತು. ಅಂಥ ದಿನಗಳಲ್ಲಿ ಅವಳು ಲಂಗದ ಲಾಡಿ ಸಡಿಲಿಸಿ, ಬಿಸಿನೀರಿನ ಚೀಲ ಇಟ್ಟುಕೊಂಡು, ಮಾತ್ರೆ ನುಂಗಿ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. ಓಣಿಯ ಹೆಂಗಸರು ಉಬ್ಬಿದ ಹೊಟ್ಟೆ ನೋಡಿ ಹುಬ್ಬು ಹಾರಿಸಿದರೆ ಸುಮ್ಮನೆ ತಲೆ ಅಲ್ಲಾಡಿಸುತ್ತಿದ್ದಳು.

ಬಲಗಡೆ ಏನೂ ಇರಲಿಲ್ಲ. ಮದುವೆಯಾದ ಮೊದಲ ವರ್ಷ, ನೀರು ತುಂಬಿದ ಕೊಡ ಎತ್ತಿ ಹೊರಳಿದಾಗ ಅಲ್ಲಿ ಚಾಕು ಇಳಿದಂತಾಗಿತ್ತು. ವಾಂತಿಯಾಯಿತು. ಸ್ವಲ್ಪ ಹೊತ್ತಿಗೆ ತಾನಾಗಿಯೇ ಬಿಟ್ಟಿತು. ವಾಯು ಎಂದು ಅತ್ತೆ ಅಜವಾನದ ನೀರು ಕಾಸಿ ಕೊಟ್ಟಳು. ಮತ್ತೆ ಬಂತು, ಮತ್ತೆ ಬಿಟ್ಟಿತು. ಉಷ್ಣ ಅಂದರು, ಸ್ವಾಮಿಗಳಿಂದ ದಾರ ತಂದು ಕಟ್ಟಿದರು. ಕಡೆಗೆ ಕಲಬುರಗಿಗೆ ಒಯ್ಯುವ ಹೊತ್ತಿಗೆ ಅಲ್ಲೂ ಇದ್ದ ಗಂಟಿನ ಭಾರಕ್ಕೆ ಅಂಡಾಶಯ ತಿರುಚಿಕೊಂಡು, ರಕ್ತ ಹರಿಯದೆ ಕಪ್ಪಾಗಿ ಹೋಗಿತ್ತು. ತೆಗೆದು ಹಾಕಿದರು. ಆಮೇಲೆ ಆ ಮನೆಯಲ್ಲಿ ಅದರ ಬಗ್ಗೆ ಯಾರೂ ಮಾತಾಡಲಿಲ್ಲ. ವರ್ಷಗಳು ಕಳೆದಂತೆ ಮಕ್ಕಳ ಬಗ್ಗೆಯೂ ಅವಳೆದುರು ಮಾತಾಡುವುದನ್ನು ಬಿಟ್ಟರು. ಹಾಗೆ ಬಿಟ್ಟದ್ದೇ ಅವಳಿಗೆ ಹೆಚ್ಚು ಕೇಳಿಸುತ್ತಿತ್ತು.

ಒಂದು ಮುಂಜಾನೆ ಬಚ್ಚಲ ಬಾಗಿಲು ಅರೆ ತೆರೆದಿತ್ತು. ಒಳಗೆ ಕಸ್ತೂರಿ ಬಕೀಟಿನ ಪಕ್ಕ ಕುಸಿದು ಕೂತಿದ್ದಳು. ಮುಖ ಬೂದಿಯಾಗಿತ್ತು. ಮುಷ್ಟಿ ಬಲ ಕಿಬ್ಬೊಟ್ಟೆಯನ್ನು ಒತ್ತಿಕೊಂಡಿತ್ತು.

“ಏನಾತು?” ನಾಗರತ್ನಾ ಕೇಳಿದಳು.

“ಏನಿಲ್ಲಕ್ಕ, ಪಿತ್ತ ಆಗೇದ. ನಿನ್ನಿ ಮಿರ್ಚಿ ಭಜಿ ತಿಂದಿದ್ದೆ ನೋಡು.”

“ಪಿತ್ತ ಆದ್ರ ಎದಿ ಉರೀತದ. ನೀ ಅಲ್ಲ್ಯಾಕ ಹಿಡ್ಕೊಂಡಿದಿ?”

“ಎಲ್ಲಿ?” ಕಸ್ತೂರಿ ಕೈ ತೆಗೆದಳು. “ಸುಮ್ಮ ಇಟ್ಟಿದ್ದೆ.”

ವಾಂತಿ ಮಾಡಿದಳು. ಮುಖ ತೊಳೆದುಕೊಂಡಳು. ಸ್ವಲ್ಪ ಹೊತ್ತಿಗೆ ಬಣ್ಣ ಮರಳಿತು. “ನೋಡು, ಹೋತು,” ಎಂದು ನಕ್ಕಳು.

ಹೋಗುವ ಆ ಪರಿಯೇ ನಾಗರತ್ನಾಳಿಗೆ ಗುರುತು. ಮಾತು ನಾಲಿಗೆಯ ತುದಿಗೆ ಬಂತು. ನನಗೆ ಹೇಳದವಳಿಗೆ ನಾನೇಕೆ ಹೇಳಲಿ ಎಂದು ಅದನ್ನು ನುಂಗಿದಳು. ಅದರ ಕೆಳಗೆ ಇನ್ನೊಂದು ಮಾತು ಇತ್ತು. ಒಂದೇ ಶಬ್ದ: ಆಗಲಿ. ಅದು ತನ್ನೊಳಗೆ ಎದ್ದದ್ದನ್ನು ಕಂಡು ಅವಳಿಗೇ ಹೆದರಿಕೆಯಾಯಿತು. ಆದರೂ ಅದನ್ನು ಹೊರಗೆ ಅಟ್ಟಲಿಲ್ಲ. ಚಳಿಗಾಲದ ಬೆಂಕಿಯಂತೆ ಅದಕ್ಕೆ ಕೈ ಕಾಯಿಸುತ್ತ ಇಡೀ ದಿನ ರೊಟ್ಟಿ ಬಡಿದಳು.

ಆ ವಾರವೇ ಆಶಾ ಕಾರ್ಯಕರ್ತೆ ಪರಿಮಳಾ ಮನೆಗೆ ಬಂದು, “ಸಣ್ಣ ಸೊಸೀದು ಏನರ ಸುದ್ದಿ ಅದ ಏನ್ರಿ? ಇದ್ರ ಹೆಸರು ಬರಸ್ರಿ, ಸ್ಕ್ಯಾನಿಂಗ್ ಮಾಡಸ್ರಿ,” ಎಂದಳು. ಅನ್ನಮ್ಮ, “ಏನಿಲ್ಲ ಯವ್ವ, ಇದ್ರ ನಿನಗ ಹೇಳಲಾರದ ಇರ್ತೀವೇನು?” ಎಂದು ಚಹಾ ಕುಡಿಸಿ ಕಳಿಸಿದಳು. ಮೂರನೆಯ ತಿಂಗಳಲ್ಲಿ ತವರಿನವರು ಹಸಿರು ಕುಬುಸ ತಂದು, ಮನೆಯ ಹೆಂಗಸರಷ್ಟೇ ಸೇರಿ, ಓಣಿಗೆ ಸುಳಿವು ಹತ್ತದಂತೆ ಬಸುರಿಗೆ ತೊಡಿಸುತ್ತಾರೆ. ಅದಕ್ಕೆ ಕಳ್ಳ ಕುಬುಸ ಅನ್ನುತ್ತಾರೆ. ಅದಾಗುವವರೆಗೆ ಸುದ್ದಿ ಹೊಸ್ತಿಲು ದಾಟಬಾರದು ಎಂಬುದು ಅನ್ನಮ್ಮನ ಕಟ್ಟಳೆ. ಡಾಕ್ಟರು, ಸ್ಕ್ಯಾನು ಎಲ್ಲ ಅದಾದ ಮೇಲೆ.

ಮೂರನೆಯ ತಿಂಗಳು ಬಿದ್ದ ಮೇಲೆ ಒಂದು ಮುಂಜಾನೆ ಆ ಕಟ್ಟಳೆಯ ಇನ್ನೊಂದು ತುದಿ ನಾಗರತ್ನಾಳಿಗೂ ತಗುಲಿತು.

“ನಾಗಿ, ಸುರಪುರಕ್ಕ ಹೋಗಿ ನಿಮ್ಮವ್ವನ್ನ ಮಾತಾಡ್ಸಿ ಬಾ,” ಎಂದಳು ಅನ್ನಮ್ಮ. “ನಾಳಿ ಸಂಜಿಗಿ ಬಂದ್ರ ನಡೀತದ.”

“ಇದ್ದಕ್ಕಿದ್ದಂಗ ಯಾಕ್ರಿ ಅತ್ತಿ?”

“ಹಡದಾಕಿ ಮ್ಯಾಲ ಕಾಳಜಿ ಬ್ಯಾಡೇನು? ಸೊಸೀನ ತವರಿಗಿ ಕಳಸಂಗಿಲ್ಲಂತ ಮಂದಿ ನನಗ ಅಂತಾರ.”

ಇಷ್ಟು ವರ್ಷಗಳಲ್ಲಿ ಅತ್ತೆ ತಾನಾಗಿ ಅವಳನ್ನು ತವರಿಗೆ ಕಳಿಸಿದ್ದಿಲ್ಲ. ಗಂಡ ವಿಶ್ವರಾಧ್ಯ ಬೀಜ ಗೊಬ್ಬರದ ಅಂಗಡಿಗೆ ಹೋಗುವ ದಾರಿಯಲ್ಲಿ ಅವಳನ್ನು ಬೈಕಿನ ಮೇಲೆ ಬಸ್ ನಿಲ್ದಾಣಕ್ಕೆ ತಂದು ಬಿಟ್ಟ.

“ಇವತ್ತು ಮನ್ಯಾಗ ಏನದ ರೀ?”

“ಏನಿಲ್ಲಲ್ಲ,” ಎಂದ ಅವನು, ಬೈಕಿನ ಕನ್ನಡಿ ತಿರುಗಿಸುತ್ತ.

“ನಿಮಗೂ ಗೊತ್ತದ.”

ಅವನು ಕನ್ನಡಿಯನ್ನು ಇನ್ನೊಮ್ಮೆ ತಿರುಗಿಸಿದ. “ಅವ್ವಂದು ನಿನಗ ಗೊತ್ತದಲ್ಲ. ನಾಕ್ ಮಂದಿ ಹೆಣ್ಮಕ್ಕಳು ಕೂಡಿರ್ತಾರ, ಏನರ ಅಂತಾರ. ನಿನಗೇ ಬ್ಯಾಸರಾಗ್ತದ.” ಮುಕ್ಕಾಲು ತಾಸಿನ ದಾರಿಗೆ ಒಂದು ದೊಡ್ಡ ನೀರಿನ ಬಾಟಲಿ, ಒಂದು ಬಿಸ್ಕೀಟಿನ ಪೊಟ್ಟಣ ಕೊಡಿಸಿ ಹೋದ.

ಸುರಪುರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಳು. ಎದುರಿಗೆ ಕೆಂಭಾವಿಯ ಬಸ್ಸು ಬಂದು ನಿಂತಿತು. ಕಸ್ತೂರಿಯ ತಾಯಿ ಮಲ್ಲಿಕಮ್ಮ ಇಳಿದಳು. ಎದೆಗೆ ಅವಚಿಕೊಂಡ ಚೀಲದ ಬಾಯಿಂದ ಹಸಿರು ಖಣದ ಒಂದು ಅಂಚು ಇಣುಕುತ್ತಿತ್ತು. ಮಲ್ಲಿಕಮ್ಮ ಅದನ್ನು ಒಳಗೆ ತುರುಕಿ, ಸೆರಗು ಮುಚ್ಚಿ, ಆಟೋ ಹತ್ತಿದಳು.

ನಾಗರತ್ನಾ ಎದ್ದು ಬಸ್ಸಿನಿಂದ ಇಳಿದಳು.

“ಅಕ್ಕಾರ, ಬಸ್ ಬಿಡ್ತದ ನೋಡ್ರಿ! ಆಮ್ಯಾಲ ಬಾಯಿ ಮಾಡಬ್ಯಾಡ್ರಿ!” ಎಂದ ಕಂಡಕ್ಟರು.

“ಬಿಡ್ರಿ,” ಎಂದಳು.

ಅವಳನ್ನು ಇಳಿಸಿದ್ದು ಒಳ್ಳೆಯತನವಲ್ಲ. ಕಸ್ತೂರಿಯ ನೋವು ಆ ಗಳಿಗೆಯಲ್ಲಿ ಅವಳ ನೆನಪಿನಲ್ಲೂ ಇರಲಿಲ್ಲ. ಅವಳಿಗೆ ನೋಡಬೇಕಿತ್ತು. ತನ್ನನ್ನು ಊರು ಬಿಡಿಸಿ ಮಾಡುವ ಆ ಸಂಭ್ರಮ ಎಂಥದು, ಆ ಹಸಿರು ಇನ್ನೊಬ್ಬಳ ಮೈಮೇಲೆ ಹೇಗೆ ಕಾಣುತ್ತದೆ ಎಂದು ನೋಡಿ ಸುಟ್ಟುಕೊಳ್ಳಬೇಕಿತ್ತು.

ಹಿತ್ತಲ ಬಾಗಿಲಿನಿಂದ ಒಳಬಂದು ಅಡುಗೆಮನೆಯ ಕತ್ತಲಲ್ಲಿ ನಿಂತಳು. ಪಡಸಾಲೆಯಲ್ಲಿ ಟೀವಿ ಜೋರಾಗಿ ಒದರುತ್ತಿತ್ತು. ಅದರ ಮರೆಯಲ್ಲಿ ಅನ್ನಮ್ಮ, ಮಲ್ಲಿಕಮ್ಮ, ಇನ್ನಿಬ್ಬರು ಮುದುಕಿಯರು ಸೋಬಾನೆಯನ್ನು ಪಿಸುದನಿಯಲ್ಲಿ ಹಾಡುತ್ತಿದ್ದರು, ಕಳ್ಳರು ಹಂಚಿಕೆಯ ಬಗ್ಗೆ ಮಾತಾಡಿಕೊಳ್ಳುವ ಹಾಗೆ. ನಡುವೆ ಮಣೆಯ ಮೇಲೆ ಕಸ್ತೂರಿ. ಹಣೆಯಲ್ಲಿ ವಿಭೂತಿ, ಮಡಿಲಲ್ಲಿ ಕೊಬ್ಬರಿ ಬಟ್ಟಲು, ಮೈಮೇಲೆ ಹಸಿರು ಕುಬುಸ. ಹಸಿರು ಅವಳಿಗೆ ಒಪ್ಪಿತ್ತು. ಒಪ್ಪದೇ ಇದ್ದಿದ್ದರೆ ಎಂದು ನಾಗರತ್ನಾ ಹುಡುಕಿ ಹುಡುಕಿ ನೋಡಿದಳು. ತೋಳಿನ ಹೊಲಿಗೆ ಸ್ವಲ್ಪ ಬಿಗಿಯಾಗಿತ್ತು, ಅಷ್ಟೇ.

ಕಸ್ತೂರಿ ಎದ್ದು ಅತ್ತೆಯ ಕಾಲಿಗೆ ಬಾಗಿದಳು. ಏಳುವಾಗ ಮೈ ಹೊರಳಿಸಿದಳು. ಆಗ ಬಂದ ಕೂಗು ಟೀವಿಯನ್ನೂ ಮೀರಿಸಿತು. ಬಲಮಗ್ಗುಲಾಗಿ ಬಿದ್ದು ಮೊಣಕಾಲನ್ನು ಎದೆಗೆ ಎಳೆದುಕೊಂಡಳು. ಮಡಿಲ ಕೊಬ್ಬರಿ ಉರುಳಿ ಹೋಯಿತು. ಮಣೆಯ ಮೇಲೆಯೇ ವಾಂತಿಯಾಯಿತು.

“ಯವ್ವಾ, ನನ್ನ ಮಗಳ!” ಮಲ್ಲಿಕಮ್ಮ ಕೂತಲ್ಲೇ ಬಾಯಿ ಬಡಿದುಕೊಂಡಳು.

ನೀರು ತರಲು ತಿರುಗಿದ ಅನ್ನಮ್ಮನ ಕಣ್ಣಿಗೆ ಅಡುಗೆಮನೆಯ ಬಾಗಿಲಲ್ಲಿ ಹಿರಿಯ ಸೊಸೆ ಕಂಡಳು.

“ನೀ ಸುರಪುರಕ್ಕ ಹೋಗಲಿಲ್ಲೇನ?”

“ಇಲ್ರಿ.”

“ಯಾವಾಗಿಂದ ನಿಂತಿದಿ ಅಲ್ಲಿ?”

“ಯಾವಾಗಿಂದಾದ್ರೇನು?” ಎಂದಳು ಮುದುಕಿಯರಲ್ಲೊಬ್ಬಳು. “ಕಣ್ಣು ಬೀಳಾಕ ಎಷ್ಟೊತ್ತು ಬೇಕು?”

ಅನ್ನಮ್ಮ ಉಪ್ಪು, ಒಣಮೆಣಸಿನಕಾಯಿ ತಂದು ಕಸ್ತೂರಿಯ ಸುತ್ತ ನಿವಾಳಿಸಿ ಒಲೆಯ ಉರಿಗೆ ಹಾಕಿದಳು. ಹೊಗೆ ಅಡುಗೆಮನೆಯ ಗೋಡೆಯಲ್ಲಿ ತಿರುಗುವ ಫ್ಯಾನಿನ ದಾರಿ ಹಿಡಿದು ಹೊರಗೆ ಹೋಯಿತು. ಯಾರೂ ಕೆಮ್ಮಲಿಲ್ಲ.

“ನೋಡ್ರಿ, ಘಾಟೇ ಇಲ್ಲ,” ಎಂದಳು ಮುದುಕಿ. “ಎಂಥಾ ಕಣ್ಣಿರಬೇಕು!”

ನಾಗರತ್ನಾ ಕಸ್ತೂರಿಯ ಪಕ್ಕ ಕೂತಳು. “ನನ್ನ ಕಡಿ ನೋಡು. ಬಲಕ್ಕೇ ಅದ ಏನು? ತೊಡಿಗಿ ಇಳೀತದೇನು?”

ಕಸ್ತೂರಿ ತಲೆಯಾಡಿಸಿದಳು.

“ಅವತ್ತು ಬಚ್ಚಲದಾಗ ಆದದ್ದೇ?”

“ಅದೇ ಅಕ್ಕ. ನಡುವ ಮತ್ತ ಬಂದು ಬಂದು ಹೋತು. ಇವತ್ತು ಬಿಡವಲ್ದು.” ಹಲ್ಲು ಕಚ್ಚಿದಳು. “ಒಳಗ ಯಾರೋ ಅರಿವಿ ಹಿಂಡಿದಂಗ ಆಗ್ತದ.”

ಹೌದು, ಹಾಗೆಯೇ. ತನ್ನ ನೋವಿನ ಕಾಲಕ್ಕೆ ನಾಗರತ್ನಾಳಿಗೆ ಈ ಮಾತು ಹೊಳೆದಿರಲಿಲ್ಲ, ಅಷ್ಟೇ. “ದವಾಖಾನಿಗಿ ಒಯ್ಯಬೇಕ್ರಿ ಅತ್ತಿ. ಈಗ್ಲೇ.”

“ಹಗಲೊತ್ತಿನ್ಯಾಗ ಹಸರ ಕುಬುಸ ತೊಟ್ಟಾಕಿನ್ನ ಓಣ್ಯಾಗ ಎತ್ಕೊಂಡು ಹೋಗು ಅಂತಿಯೇನು? ಕಣ್ಣು ಇಳದ್ರ ತಾನೇ ಆರಾಮಾಗ್ತಾಳ. ತಡಿ, ಅಜವಾನ ಕಾಸ್ತೀನಿ.”

“ನೀ ದೂರ ಸರಿ ಯವ್ವ, ಕೈ ಮುಗೀತೀನಿ,” ಎಂದಳು ಮಲ್ಲಿಕಮ್ಮ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬರೀ ಭಯ. ಅದು ಸಿಟ್ಟಿಗಿಂತ ಆಳಕ್ಕೆ ಹೋಯಿತು.

ನಾಗರತ್ನಾ ಒಬ್ಬೊಬ್ಬರ ಮುಖವನ್ನೂ ನೋಡಿದಳು. ವೈದ್ಯದ ಮಾತು ಹೇಳಿದರೆ ಇವರು ಕೇಳುವುದಿಲ್ಲ. ಕೇಳುವ ಮಾತು ಒಂದೇ ಇತ್ತು. ಅದನ್ನು ಒಮ್ಮೆ ಆಡಿದರೆ ಈ ಜನ್ಮದಲ್ಲಿ ಹಿಂದಕ್ಕೆ ಬರದು. ಸುಮ್ಮನೆ ಎದ್ದು ಹಿತ್ತಲಿನಿಂದ ಹೋಗಿಬಿಡಬಹುದಿತ್ತು. ಹಾಗೆ ಹೋದರೆ ಏನಾಗುತ್ತದೆ ಎಂಬುದು ಆ ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

“ಹೌದು,” ಎಂದಳು. “ನನ್ನ ಕಣ್ಣೇ ಬಿದ್ದದ.”

ಅನ್ನಮ್ಮನ ಕೈಯ ಚೊಂಬು ಅಲ್ಲಿಯೇ ನಿಂತಿತು.

“ಸುಮ್ಮ ಬಿದ್ದಿಲ್ಲ, ಹಾಕೀನಿ. ನೀವು ನನಗ ಮುಚ್ಚಿಟ್ಟ ದಿನದಿಂದ ಹಾಕೀನಿ. ಅದು ಉಪ್ಪು ಮೆಣಸಿನಕಾಯಿಗಿ ಇಳಿಯಂಗಿಲ್ಲ. ನೀವೇ ನೋಡಿದ್ರಿ, ಘಾಟು ಬಂತೇನು? ಹಾಕಿದಾಕಿ ನಾನು, ಹ್ಯಾಂಗ ಇಳೀತದಂತ ನನಗೇ ಗೊತ್ತು. ಆಕಿನ್ನ ಹೊಳಿ ದಾಟಸ್ಬೇಕು. ಭೀಮಾ ಹೊಳಿ. ಹೊತ್ತು ಮುಳಗೋದ್ರಾಗ ದಾಟಸ್ಬೇಕು.”

ಟೀವಿಯಲ್ಲಿ ಯಾರೋ ಬಟ್ಟೆ ಒಗೆಯುವ ಪುಡಿಯನ್ನು ಹಾಡಿ ಹೊಗಳುತ್ತಿದ್ದರು. ಮೊದಲು ಎದ್ದವಳು ಮಲ್ಲಿಕಮ್ಮ. “ಗಾಡಿ ತರಸ್ರಿ ಬೀಗತೇರ, ಗಾಡಿ ತರಸ್ರಿ!”

ಭೀಮೆಯ ಆಚೆ ದಂಡೆಯಲ್ಲಿ ಯಾದಗಿರಿ. ಪಕ್ಕದ ಮನೆಯ ಅಜರುದ್ದೀನನ ಬಾಡಿಗೆ ಕಾರಿನಲ್ಲಿ ಕಸ್ತೂರಿಯನ್ನು ಮಲಗಿಸಿದರು. ತಲೆ ನಾಗರತ್ನಾಳ ತೊಡೆಯ ಮೇಲೆ. ಸುರಪುರದ ಹತ್ತಿರದ ಶಾಲೆಯಲ್ಲಿ ಮಾಸ್ತರನಾಗಿದ್ದ ಶರಣಕುಮಾರನಿಗೆ ನೇರ ಯಾದಗಿರಿಗೇ ಬರಲು ಫೋನಾಯಿತು. ದಾರಿಯುದ್ದಕ್ಕೂ ಕಸ್ತೂರಿ ಅವಳ ಮಣಿಕಟ್ಟನ್ನು ಹಿಡಿದುಕೊಂಡಿದ್ದಳು. ನೋವು ಬಂದಾಗ ಬಳೆ ಒಡೆಯುವಷ್ಟು ಬಿಗಿ. ಸೇತುವೆ ಬಂದಾಗ ಮಲ್ಲಿಕಮ್ಮ ಕಿಟಕಿಯಿಂದ ಒಂದು ನಿಂಬೆಹಣ್ಣನ್ನು ಹೊಳೆಗೆ ಎಸೆದು ಕೈ ಮುಗಿದಳು. ಆಮೇಲೆ, ಇಷ್ಟು ದಿನ ಏಕವಚನದಲ್ಲಿ ಕರೆಯುತ್ತಿದ್ದವಳು, ಹಿಂದೆ ತಿರುಗಿ ಕೇಳಿದಳು: “ಇಳೀತೇನ್ರಿ?”

“ಇನ್ನಾ ಇಲ್ಲ. ಸ್ವಲ್ಪ ಮುಂದ ಹೋಗಬೇಕು,” ಎಂದಳು ನಾಗರತ್ನಾ. “ಅಜರು, ಸ್ಟೇಷನ್ ರೋಡಿನ ಹೆರಿಗಿ ದವಾಖಾನಿಗಿ ಹೊಡಿ.”

“ದೃಷ್ಟಿ ಅಲ್ಲಿ ಇಳೀತದೇನ್ರಿ ವೈನಿ?” ಎಂದ ಅಜರುದ್ದೀನ, ಕನ್ನಡಿಯಲ್ಲಿ ನೋಡುತ್ತ. ಅವನಿಗೆ ಎಲ್ಲ ಅರ್ಥವಾಗಿತ್ತು.

“ಮುಂದ ನೋಡಿ ಗಾಡಿ ಹೊಡಿ.”

ದವಾಖಾನೆಯಲ್ಲಿ ಡಾಕ್ಟರ್ ಶಿವರಂಜನಿ ಪ್ರಶ್ನೆ ಕೇಳಿದರು. ಕಸ್ತೂರಿಯ ಬದಲು ಉತ್ತರ ಕೊಟ್ಟವಳು ನಾಗರತ್ನಾ. ಎಂದು ಮುಟ್ಟು ನಿಂತಿತು, ಎಂದು ಮೊದಲು ನೋವು ಬಂತು, ಯಾವ ಮಗ್ಗುಲು, ಎಷ್ಟು ಹೊತ್ತಿಗೆ ಬಿಟ್ಟಿತು. ಹೊಟ್ಟೆಕಿಚ್ಚಿನಿಂದ ನೋಡಿದ್ದೆಲ್ಲವೂ ಅವಳಿಗೆ ನೆನಪಿತ್ತು. ಸ್ಕ್ಯಾನಿನ ಕೋಣೆಗೆ ಒಬ್ಬರು ಬನ್ನಿ ಎಂದಾಗ ಕಸ್ತೂರಿ ಅವಳ ಮಣಿಕಟ್ಟನ್ನು ಬಿಡಲಿಲ್ಲ. ಹೀಗಾಗಿ ಅವಳೇ ಒಳಗೆ ಹೋದಳು.

“ಇದು ಕೂಸು, ಆರಾಮದ,” ಎಂದರು ಡಾಕ್ಟರು. ಪರದೆಯ ಬೂದು ನೀರಿನಲ್ಲಿ ಒಂದು ಚುಕ್ಕೆ ಮಿಣುಕುತ್ತಿತ್ತು. ನಾಗರತ್ನಾ ಕಣ್ಣು ಬೇರೆ ಕಡೆ ತಿರುಗಿಸಿದಳು. ಮತ್ತೆ ನೋಡಿದಳು. “ಇದು ಗಂಟು. ಮೋಸಂಬಿಯಷ್ಟು ಆಗೇದ. ಅಂಡಾಶಯ ಹಿಡ್ಕೊಂಡೇ ತಿರುಚಿಕೊಂಡದ. ಆಪರೇಷನ್ ಮಾಡಬೇಕು.”

ಹೊರಗೆ ಬಂದು ಎಲ್ಲರಿಗೂ ಅದನ್ನೇ ಬಿಡಿಸಿ ಹೇಳಿದರು. “ಇಂಥಾ ಗಂಟು ಭಾಳ ಮಂದಿಗಿ ಇರ್ತಾವ. ಹೆಚ್ಚಿನವು ತ್ರಾಸ ಕೊಡಂಗಿಲ್ಲ, ತಾವೇ ಕರಗ್ತಾವ. ಆದ್ರ ಇದ್ದಕ್ಕಿದ್ದಂಗ ಒಂದೇ ಮಗ್ಗಲಿಗಿ ಜೋರು ನೋವು, ವಾಂತಿ ಬಂದ್ರ ತಡ ಮಾಡಬಾರದು. ಬಿಟ್ಟು ಬಿಟ್ಟು ಬಂದ್ರೂ ಅಷ್ಟೇ. ಮೊದಲೇ ಸ್ಕ್ಯಾನ್ ಮಾಡಸಿದ್ರ ಅವಾಗೇ ಗೊತ್ತಾಗ್ತಿತ್ತು. ಇವತ್ತು ಗುರುತು ಹಿಡಿದೋರು ಯಾರು?”

ಅನ್ನಮ್ಮ ನೆಲ ನೋಡಿದಳು. “ಹಿರಿ ಸೊಸಿ,” ಎಂದಳು.

ಸಂಜೆಯ ಹೊತ್ತಿಗೆ ಡಾಕ್ಟರು ಒಳಗಿನಿಂದ ಬಂದರು. ತಿರುಚಿದ್ದನ್ನು ಬಿಡಿಸಿದ್ದರು, ರಕ್ತ ಹರಿದು ಬಣ್ಣ ಮರಳಿತ್ತು, ಗಂಟು ತೆಗೆದು ಅಂಡಾಶಯ ಉಳಿಸಿದ್ದರು. ಕೂಸಿನ ಎದೆಬಡಿತ ಇತ್ತು. ಇನ್ನಷ್ಟು ದಿನ ಜೋಪಾನ ಮಾಡಬೇಕು ಎಂದರು. ತಡವಾಗಿದ್ದರೆ ತೆಗೆದು ಹಾಕಬೇಕಾಗುತ್ತಿತ್ತು ಎಂದೂ ಹೇಳಿದರು. ಶರಣಕುಮಾರ ಗೋಡೆಗೆ ಹಣೆ ಒತ್ತಿ ಅತ್ತ. ಮಲ್ಲಿಕಮ್ಮ ಮೂಲೆಯಲ್ಲಿ ನಿಂತು ಕೆಂಭಾವಿಗೆ ಫೋನ್ ಮಾಡುತ್ತಿದ್ದಳು: “ಹೂನೋ, ತನ್ನ ಬಾಯಿಲೇ ಒಪ್ಪಿದಳು. ಹಾಕೀನಿ ಅಂದಳು. ಮತ್ತ ತಾನೇ ಇಳಿಸಿದಳು ನೋಡು, ಹೊಳಿ ದಾಟಿಸಿ. ಇನ್ಮ್ಯಾಲ ಹುಷಾರಾಗಿರಬೇಕು.”

ಆ ಮಾತು ಇನ್ನು ಕೆಂಭಾವಿಯಲ್ಲಿ ಉಳಿಯುತ್ತದೆ, ಶಹಾಪುರಕ್ಕೂ ಬರುತ್ತದೆ. ಅದಕ್ಕೆ ನಾಗರತ್ನಾ ತಯಾರಾಗಿದ್ದಳು. ತಯಾರಿಲ್ಲದ್ದು ಬೇರೆಯದೇ. ವರಾಂಡದ ಬೆಂಚಿನ ಮೇಲೆ ಕೂತಾಗ ಅದು ಮೇಲೆದ್ದಿತು. ಪರದೆಯ ಮೇಲೆ ಮಿಣುಕಿದ ಚುಕ್ಕೆಗಾಗಿ ಪಟ್ಟ ಅಸೂಯೆ ಹಳೆಯದು, ಪಳಗಿದ್ದು. ಇದು ಹೊಸದು. ಕಸ್ತೂರಿ ನೆಲಕ್ಕೆ ಬಿದ್ದಾಗ ಒಬ್ಬಳು ಪಕ್ಕದಲ್ಲಿ ಕೂತು, ಬಲಕ್ಕೇ ಅದ ಏನು ಎಂದು ಕೇಳಿದಳು. ಕೊಡ ಎತ್ತಿ ಹೊರಳಿದ ಆ ಹುಡುಗಿಗೆ ಹಾಗೆ ಯಾರು ಕೇಳಿದರು? ಕಸ್ತೂರಿಗೆ ಸಿಕ್ಕಿದ್ದರಲ್ಲಿ ಅವಳಿಗೆ ಅತಿ ಹೆಚ್ಚು ಹೊಟ್ಟೆಯುರಿಸಿದ್ದು ಕೂಸಲ್ಲ, ಹಸಿರು ಕುಬುಸವಲ್ಲ. ಕಸ್ತೂರಿಗೆ ನಾಗರತ್ನಾ ಸಿಕ್ಕಿದ್ದಳು.

ಅನ್ನಮ್ಮ ಕಾಗದದ ಕಪ್ಪಿನಲ್ಲಿ ಚಹಾ ತಂದು ಪಕ್ಕದಲ್ಲಿಟ್ಟಳು. ಕೂತಳು. ಬಹಳ ಹೊತ್ತು ಸೆರಗಿನ ತುದಿ ಸುತ್ತುತ್ತಿದ್ದಳು.

“ನಿನಗೂ ಆವಾಗ ಹೀಂಗೇ ಇತ್ತೇನ?”

“ಹೀಂಗೇ ಇತ್ರಿ.”

ಅನ್ನಮ್ಮ ಸೆರಗಿನ ತುದಿ ಬಿಟ್ಟಳು. ಎದ್ದು ಹೋದಳು. ಚಹಾ ಆರುವವರೆಗೆ ನಾಗರತ್ನಾ ಅದನ್ನು ಮುಟ್ಟಲಿಲ್ಲ.

ಮರುದಿನ ಮುಂಜಾನೆ ಎಲ್ಲರೂ ನಾಷ್ಟಾಕ್ಕೆ ಹೋದಾಗ ಕಸ್ತೂರಿ ಕಣ್ಣು ಬಿಟ್ಟಳು. ತುಟಿ ಒಣಗಿತ್ತು. ನಾಗರತ್ನಾ ಚಮಚದಿಂದ ನೀರು ಹಾಕಿದಳು.

“ಅಕ್ಕ.”

“ಹೂಂ.”

“ಅವತ್ತು ಬಚ್ಚಲದಾಗ. ಅವತ್ತೇ ನಿನಗ ಗೊತ್ತಾಗಿತ್ತೇನ?”

ಇಲ್ಲ ಎನ್ನುವುದು ಸುಲಭವಿತ್ತು. ಕಿಟಕಿಯ ಹೊರಗೆ ಗೂಡ್ಸ್ ಗಾಡಿಯೊಂದು ಸ್ಟೇಷನ್ ದಾಟುತ್ತಿತ್ತು. ಅದರ ಸದ್ದು ಮುಗಿಯುವವರೆಗೆ ನಾಗರತ್ನಾ ಕಾದಳು.

“ಗೊತ್ತಾಗಿತ್ತು.”

ಕಸ್ತೂರಿ ಅವಳನ್ನೇ ನೋಡಿದಳು. ಯಾಕೆ ಹೇಳಲಿಲ್ಲ ಎಂದು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಮಂಚದ ಅಂಚಿನಲ್ಲಿದ್ದ ತನ್ನ ಕೈಯನ್ನು ನಿಧಾನಕ್ಕೆ ಒಳಗೆ ಎಳೆದುಕೊಂಡಳು. ಅಲ್ಲಿ ಅಂಗೈಯಗಲ ಜಾಗ ತೆರವಾಯಿತು. ಕೂತುಕೋ ಎಂದು ಬಿಟ್ಟದ್ದೋ, ದೂರ ಇರು ಎಂದು ಎಳೆದುಕೊಂಡದ್ದೋ, ಇಷ್ಟು ದಿನ ಆ ಹುಡುಗಿಯ ಒಂದೊಂದು ಚಲನೆಯನ್ನೂ ಓದಿದ್ದ ನಾಗರತ್ನಾಳಿಗೆ ಇದೊಂದು ಓದಲಾಗಲಿಲ್ಲ.

ಅವಳು ಕೂತಳು.